ಬೀಗರೂಟಕ್ಕೆ ಇಪ್ಪತ್ತಾರು ದಿನ

ಸುಮ್ಮನೆ ಕೂರುವ ವಿದ್ಯೆಯೊಂದನ್ನು ಬಿಂದುಶ್ರೀಗೆ ಯಾರೂ ಕಲಿಸಿರಲಿಲ್ಲ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ, ಬೆಲ್ಟಿನ ಮೇಲೆ ಓಡಿ ಬರುವ ಡಬ್ಬಿಗಳ ಮುಚ್ಚಳ ಸರಿಯಿದೆಯೇ ಎಂದು ನೋಡಿ ಮುಂದೆ ತಳ್ಳುವುದು ಅವಳ ಕೆಲಸ. ನಿಂತು ಮಾಡುವ ಕೆಲಸ, ಆದರೆ ಆರು ವರ್ಷದಲ್ಲಿ ಬೆಲ್ಟೂ ನಿಂತಿಲ್ಲ, ಅವಳೂ ನಿಂತಿಲ್ಲ.

ಅಂಥವಳು ಈಗ ರಜೆ ಹಾಕಿ, ತ್ಯಾಮಗೊಂಡ್ಲು ಹೋಬಳಿಯ ಗಂಡನ ಮನೆಯ ಜಗಲಿಯ ಮೇಲೆ ಕೂತು, ಮಾವ ಅಪ್ಪಯ್ಯಣ್ಣ ತನ್ನ ಬಲಗೈಯ ಐದು ಬೆರಳನ್ನು ಒಂದು ಸ್ಟೀಲ್ ಲೋಟದ ಸುತ್ತ ತರುವುದನ್ನೇ ಕಾಯುತ್ತಿದ್ದಳು. ಮೊದಲನೇ ಬೆರಳು ಬಂತು. ಎರಡನೆಯದು ಬರುವಷ್ಟರಲ್ಲಿ ಬೀದಿಯಲ್ಲಿ ಹಾಲಿನ ಗಾಡಿ ಹೋಗಿ, ಡೈರಿ ಮುಟ್ಟಿ, ವಾಪಸ್ಸೂ ಬಂತು. ಮೂರನೆಯದು ದೂರದ ನೆಂಟರ ಹಾಗೆ, ಬಂದೇಬಿಟ್ಟೆ ಬಂದೇಬಿಟ್ಟೆ ಅನ್ನುತ್ತಲೇ ಇತ್ತು.

“ಇನ್ನೊಂಚೂರು ಮಾವ. ಬಂತು, ಬಂತು, ಬಂತು…”

“ಬಿಡಮ್ಮ ಸಾಕು, ಸುಸ್ತಾಗ್ತಾರೆ,” ಎಂದು ಒಳಗಿನಿಂದ ಅತ್ತೆ ಮುನಿತಾಯಮ್ಮನ ಕೂಗು. “ಕೋಳಿ ಕೂಗೋಕ್ಮುಂಚೆ ಶುರು ಮಾಡ್ಕೊಂಡಿದೀಯ. ಪಿಸಿಯೋತೆರಪಿ ಅಂತೆ ತೆರಪಿ, ಆ ಲೋಟಕ್ಕೇ ಸುಸ್ತಾಗೋಗಿದೆ!”

ನಾಲ್ಕು ತಿಂಗಳ ಹಿಂದೆ ಕೊಟ್ಟಿಗೆಯಲ್ಲಿ ಹಸುವಿನ ಹಗ್ಗ ಬಿಚ್ಚುತ್ತಿದ್ದ ಅಪ್ಪಯ್ಯಣ್ಣ ಅಲ್ಲೇ ಗೋಡೆಗೊರಗಿ ಕುಸಿದಿದ್ದ. ಊರ ಬಾಯಲ್ಲಿ ಲಕ್ವ, ಆಸ್ಪತ್ರೆಯ ಚೀಟಿಯಲ್ಲಿ ಸ್ಟ್ರೋಕು. ಬಲಗಾಲು, ಬಲಗೈ, ಮಾತು, ಮೂರೂ ಒಟ್ಟಿಗೆ ಹೋದವು. ಕಾಲು ಊರುಗೋಲಿನ ಜೊತೆ ಅಷ್ಟಿಷ್ಟು ವಾಪಸ್ಸು ಬಂತು. ಮಾತು ಒಂದೊಂದೇ ಪದವಾಗಿ, ಬಿಟ್ಟು ಬಿಟ್ಟು ಬಂತು. ಕೈ ಮಾತ್ರ ಕೈ ಕೊಟ್ಟಿತ್ತು.

ಅದೇನು ಸಾಮಾನ್ಯ ಕೈಯಲ್ಲ. ಸುತ್ತಲ ಹತ್ತೂರಿನಲ್ಲಿ ಬೀಗರೂಟವೆಂದರೆ ಮುದ್ದೆಗೆ ಅಪ್ಪಯ್ಯಣ್ಣನ ಕೈಯೇ ಆಗಬೇಕಿತ್ತು. ಮದುವೆ ಮುಗಿದ ಮೇಲೆ ಬೀಗರನ್ನು ಕರೆದು ಹಾಕುವ ಆ ಊಟದಲ್ಲಿ ಸಾರು ಸ್ವಲ್ಪ ಉಪ್ಪಾದರೂ ಜನ ಸಹಿಸಿಕೊಳ್ಳುತ್ತಾರೆ, ಮುದ್ದೆಯಲ್ಲಿ ಗಂಟಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಆಳುದ್ದದ ಕೋಲು ಹಿಡಿದು ತಪ್ಪಲೆಯಲ್ಲಿ ಹಿಟ್ಟು ತಿರುವುವವನು ಅವನ ಗೆಳೆಯ ಬೈರಣ್ಣ. ಬೆಂದ ಹಿಟ್ಟನ್ನು ಹಲಗೆಗೆ ಸುರಿದ ಮೇಲೆ ಅದನ್ನು ಮುದ್ದೆ ಕಟ್ಟುವವನು ಅಪ್ಪಯ್ಯಣ್ಣ. ಬೇರೆಯವರು ಒಂದೊಂದು ಮುದ್ದೆಗೂ ತಣ್ಣೀರಿಗೆ ಕೈ ಅದ್ದಿ “ಉಸ್ಸ್” ಅಂದರೆ, ಇವನು ನಾಲ್ಕು ಮುದ್ದೆ ಕಟ್ಟಿ, ಆಮೇಲೆ ನೀರಿನ ಕಡೆ ದೊಡ್ಡ ಮನಸ್ಸು ಮಾಡಿ ಒಂದು ನೋಟ ಬೀರುತ್ತಿದ್ದ. “ಅವನ ಕೈಗೆ ಬಿಸಿ ಅನ್ನೋದೇ ಇಲ್ಲ ಕಣ್ರೋ” ಎನ್ನುವುದು ಊರವರು ಕೊಟ್ಟ ಬಿರುದು.

ಈಗ ಆ ಕೈಯನ್ನು ನೋಡಲು ಜನ ಬರುತ್ತಿದ್ದರು. ಪಕ್ಕದ ಮನೆಯ ಮಾರಕ್ಕ ಬಂದರೆ ಬಾಗಿಲಲ್ಲೇ ರಾಗ: “ಅಯ್ಯಯ್ಯೋ, ಹೆಂಗಿದ್ದೋನು ಹೆಂಗಾಗೋದ್ಯಪ್ಪಾ…” ಎಂದು ಮೇಲಕ್ಕೆ ಎಳೆದು, ಅದೇ ಉಸಿರಿನಲ್ಲಿ “ಕಾಪಿಗೆ ಸಕ್ರೆ ಕಮ್ಮಿ ಹಾಕವ್ವ” ಎಂದು ಕೆಳಕ್ಕೆ ಇಳಿಸುತ್ತಿದ್ದಳು. ಮುನಿಸ್ವಾಮಿ ಮೇಷ್ಟ್ರು ಎರಡು ಪದಕ್ಕೊಮ್ಮೆ ಕನ್ನಡಕ ಒರೆಸಿ, “ನೋಡೀ… ಶರೀರ ಎಂಬುದು… ಒಂದು ಯಂತ್ರ…” ಎನ್ನುವಷ್ಟರಲ್ಲಿ ಹೊರಡುವ ಬಸ್ಸಿನ ಹೊತ್ತಾಗುತ್ತಿತ್ತು. ಎಲ್ಲರ ಕೈಯಲ್ಲೂ ಬ್ರೆಡ್ಡು. ಕೊನೆಗೆ ಕೊಟ್ಟಿಗೆಯ ಹಸುವೂ ಬ್ರೆಡ್ಡು ಮೂಸಿ ಮುಖ ತಿರುಗಿಸುವ ಮಟ್ಟಕ್ಕೆ ಬಂದಿತ್ತು. ಎಲ್ಲರ ಮುಂದೆಯೂ ಅಪ್ಪಯ್ಯಣ್ಣ ಗೋಡೆ ನೋಡುತ್ತಾ ಕೂತಿರುತ್ತಿದ್ದ.

ಒಂದು ಬೆಳಿಗ್ಗೆ ಬೈರಣ್ಣ ಬಂದ. ಬ್ರೆಡ್ಡು ತರಲಿಲ್ಲ, ಮಗಳ ಮದುವೆ ಪತ್ರಿಕೆ ತಂದ.

“ಲೇ ಅಪ್ಪಯ್ಯ, ನಮ್ ಭಾನುಪ್ರಿಯಾ ಮದ್ವೆ ಕಣ್ಲಾ. ಬೀಗ್ರು ಸೂಲಿಬೆಲೆ ಕಡೆಯೋರು. ಬೀಗರೂಟ ಇವತ್ತಿಗೆ ಸರಿಯಾಗಿ ಇಪ್ಪತ್ತಾರನೇ ದಿನ, ಆರ್ನೂರು ಎಲೆ. ಕೋಲು ನಂದು.” ಒಂದು ಸಲ ಕೆಮ್ಮಿದ. ಬೈರಣ್ಣನ ಕೆಮ್ಮಿಗೆ ಪೂರ್ಣವಿರಾಮದಿಂದ ಹಿಡಿದು ಕಣ್ಣೀರಿನವರೆಗೆ ಎಲ್ಲ ಅರ್ಥವೂ ಉಂಟು. “ಕೈ ನಿಂದೇ ಆಗ್ಬೇಕು. ಆಗುತ್ತೋ ಇಲ್ವೋ ನಂಗೊತ್ತಿಲ್ಲ. ಬೇರೆಯೋನ್ನ ಕೇಳೋಕೆ ಮನಸ್ಸಿಲ್ಲ, ಅಷ್ಟೇ.”

ಮುನಿತಾಯಮ್ಮ “ಏನ್ ಬೈರಣ್ಣ ನೀನೂ…” ಎಂದು ಬಾಯಿ ತೆಗೆದಳು. ಅಷ್ಟರಲ್ಲಿ ಅಪ್ಪಯ್ಯಣ್ಣ ಗೋಡೆಯಿಂದ ಕಣ್ಣು ಕಿತ್ತು ಗೆಳೆಯನನ್ನು ನೋಡಿದ.

“ಬ… ಬರ್ತೀನಿ.”

ನಾಲ್ಕು ತಿಂಗಳಲ್ಲಿ ಅವನು ಬೇಕು ಎಂದು ಕೇಳಿದ್ದು ಅದೊಂದೇ. ಬಿಂದುಶ್ರೀಗೆ ಮೈಯೆಲ್ಲ ಕರೆಂಟು ಹರಿದ ಹಾಗಾಯಿತು. ಇಪ್ಪತ್ತಾರು ದಿನ! ಕಾರ್ಖಾನೆಯಲ್ಲಿ ಗುರಿ ಕೊಟ್ಟರೆ ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

ಅವತ್ತಿನಿಂದ ಮನೆಗೇ ಬೆಲ್ಟು ಬಿತ್ತು. ಆರಕ್ಕೆ ಲೋಟ, ಏಳಕ್ಕೆ ಬಟ್ಟೆ ಕ್ಲಿಪ್ಪು, ಎಂಟಕ್ಕೆ ತಟ್ಟೆ ತುಂಬ ಅವರೆಕಾಳು. ಒಂದೊಂದೇ ಕಾಳು ಎತ್ತಿ ಬಟ್ಟಲಿಗೆ ಹಾಕಬೇಕು. ಅಪ್ಪಯ್ಯಣ್ಣ ಒಂದು ಕಾಳಿಗೆ ಬೆರಳು ತರುವಷ್ಟರಲ್ಲಿ ಎದುರು ಕೂತ ಬಿಂದುಶ್ರೀ ತನಗೇ ಗೊತ್ತಿಲ್ಲದೆ ಹತ್ತು ಕಾಳು ಎತ್ತಿ ಹಾಕಿರುತ್ತಿದ್ದಳು.

“ಯಾರಿಗಮ್ಮ ವ್ಯಾಯಾಮ, ನಿಂಗಾ ನಿಮ್ಮಾವಂಗಾ?” ಎಂದು ಅವಳ ಗಂಡ ಮಂಜೇಶ್ ನಗುತ್ತಿದ್ದ. ಅವನದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಪಾಳಿ ಕೆಲಸ. ಒಂದು ವಾರ ಮನೆಯಲ್ಲಿ ಹಗಲೆಲ್ಲ ನಿದ್ದೆ, ಇನ್ನೊಂದು ವಾರ ಮನೆಯೇ ಅವನಿಗೆ ನೆಂಟರ ಮನೆ.

ಮಂಗಳವಾರ, ಶುಕ್ರವಾರ ನೆಲಮಂಗಲದಿಂದ ಸ್ಕೂಟರಿನಲ್ಲಿ ಫಿಸಿಯೋಥೆರಪಿಸ್ಟ್ ಹರ್ಷಿತ ಬರುತ್ತಿದ್ದಳು. ಮೆಲು ದನಿಯ ಹುಡುಗಿ. ಒಂದು ಶುಕ್ರವಾರ ಅಪ್ಪಯ್ಯಣ್ಣನ ಕಣ್ಣು ಮುಚ್ಚಿಸಿ, ಅಂಗೈಗೆ ಹತ್ತಿ ಸೋಕಿಸಿದಳು.

“ಗೊತ್ತಾಗ್ತಿದ್ಯಾ ಅಂಕಲ್?”

“ಹೂಂ.”

“ಈಗ?”

“ಹೂಂ.”

ಹರ್ಷಿತ ಕೈ ತಡೆದು ಏನೋ ಯೋಚಿಸಿದಳು. “ಇದನ್ನ ಇನ್ನೊಂದ್ಸಲ ನಿಧಾನಕ್ಕೆ ನೋಡ್ಬೇಕು…”

“ಗೊತ್ತಾಗುತ್ತೆ ಮೇಡಂ, ಹೂಂ ಅಂದ್ರಲ್ಲ. ಮುಂದಿಂದು ಹೇಳಿ. ನಮ್ಗೆ ಇನ್ನು ಹದಿನಾರೇ ದಿನ ಇರೋದು,” ಎಂದಳು ಬಿಂದುಶ್ರೀ.

“ಕೈಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಬಿಂದು,” ಎಂದು ಹರ್ಷಿತ ನಕ್ಕಳು. ಆದರೂ ಮುಂದಿನದನ್ನು ಹೇಳಿಕೊಟ್ಟಳು: ಗೋಧಿ ಹಿಟ್ಟು ಕಲಸಿ ಕೊಡಿ, ಹಿಸುಕಲಿ, ಉಂಡೆ ಮಾಡಲಿ.

ಮಾಡಿದ. ನಾಲ್ಕನೇ ದಿನ ಬಲಗೈ ಮುಚ್ಚಿಕೊಂಡು ಹಿಟ್ಟಿನ ಮೇಲೆ ಐದು ಬೆರಳ ಗುರುತು ಬಿತ್ತು. ಬಿಂದುಶ್ರೀ ಆ ಹಿಟ್ಟನ್ನು ಚಪಾತಿ ಮಾಡಲು ಬಿಡಲಿಲ್ಲ, ಇಡೀ ದಿನ ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದಳು. ರಾತ್ರಿ ಮಲಗಿದರೂ ಅವಳ ಕಾಲು ಹೊದಿಕೆಯೊಳಗೆ ನಡೆಯುತ್ತಲೇ ಇತ್ತು. ಹನ್ನೆರಡು ದಿನ ಉಳಿದಿತ್ತು. ಗೋಧಿ ಹಿಟ್ಟು ತಣ್ಣಗಿನದು, ಮೆತ್ತಗಿನದು. ಬೀಗರೂಟದ ಹಲಗೆಯ ಮೇಲೆ ಬೀಳುವುದು ಅದಲ್ಲವಲ್ಲ.

ಮಾರನೇ ದಿನ ಬುಧವಾರ. ಮುನಿತಾಯಮ್ಮ ಮಧ್ಯಾಹ್ನದ ರಾಗಿ ಹಿಟ್ಟು ತಿರುವಿ ಇಳಿಸುವ ಹೊತ್ತಿಗೆ ಸೊಸೆ ಹಲಗೆ ತೊಳೆದು ಜಗಲಿಗೆ ತಂದಿಟ್ಟಿದ್ದಳು.

“ಅತ್ತೆ, ಇಲ್ಲಿಗೇ ಸುರೀರಿ. ಮಾವ ಕಟ್ತಾರೆ.”

“ನಿಂಗೇನು ತಲೆ ಕೆಟ್ಟದಾ? ಬೆಂಕಿ ಇದ್ದಂಗದೆ!”

“ಅವ್ರಿಗೆ ಬೆಂಕಿ ಹೊಸ್ದಾ ಅತ್ತೆ? ಕೇಳಿ ಬೇಕಾರೆ.”

ಅಪ್ಪಯ್ಯಣ್ಣ ಆಗಲೇ ಊರುಗೋಲು ಪಕ್ಕಕ್ಕಿಟ್ಟು ಹಲಗೆಯ ಮುಂದೆ ಕೂತಿದ್ದ. ಹಿಟ್ಟು ಬಿತ್ತು, ಹಬೆ ಎದ್ದಿತು. ಎಡಗೈ ಮುಂದೆ, ಬಲಗೈ ಹಿಂದೆ. ಎಡಗೈ ದಾರಿ ತೋರಿಸಿತು, ಬಲಗೈ ಹೊಸದಾಗಿ ಶಾಲೆಗೆ ಸೇರಿದ ಮಗುವಿನ ಹಾಗೆ ಅದರ ಹಿಂದೆ ಹೋಯಿತು. ಒತ್ತಿತು. ಉರುಳಿಸಿತು. ಒಂದು ಕಡೆ ಮೂಗು, ಇನ್ನೊಂದು ಕಡೆ ಗದ್ದ ಇದ್ದರೂ, ನೋಡಿದವರು ಮುದ್ದೆ ಅಲ್ಲ ಅನ್ನುವ ಹಾಗಿರಲಿಲ್ಲ.

ನಿದ್ದೆಯಿಂದೆದ್ದು ಬಂದ ಮಂಜೇಶ್ ಫೋನು ತೆಗೆದು ವಿಡಿಯೋ ಶುರು ಮಾಡಿದ. “ಅಪ್ಪಾ! ಸುಡಲ್ವಾ ಅಪ್ಪಾ?”

“ಇಲ್… ಇಲ್ಲ.”

“ನೋಡ್ದೇನೇ, ಅದೇ ಕೈ ಕಣೇ! ಅದೇ ಹಳೇ ಕೈ!” ಎಂದು ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ಸಾಕು ಬಿಡು, ಸಾಕು ಬಿಡು ಅನ್ನುತ್ತಿದ್ದವಳು ಈಗ ತಾನೇ ಬೀದಿಗಿಳಿದು ಮಾರಕ್ಕನನ್ನು ಕೂಗಿದಳು. ವಿಡಿಯೋ ಬೈರಣ್ಣನಿಗೆ ಹೋಯಿತು. ಅವನಿಂದ ಊರಿಗೆ, ಊರಿನಿಂದ ಸೂಲಿಬೆಲೆಯ ಬೀಗರಿಗೆ. ಅಪ್ಪಯ್ಯಣ್ಣ ಎರಡನೆಯದು ಕಟ್ಟಿದ, ಮೂರನೆಯದು ಕಟ್ಟಿದ.

“ಹಂಗೇ ಬಲಗೈಲಿ ಹಿಡ್ಕೊಳ್ಳಿ ಮಾವ, ಒಂದು ಫೋಟೋ. ಇನ್ನೊಂದು. ರೀ, ನೀವು ಅಡ್ಡ ಬಂದ್ರಿ. ಇನ್ನೊಂದು…”

ಫೋಟೋ ಆದ ಮೇಲೆ ಬಿಂದುಶ್ರೀ ಅವನ ಅಂಗೈಯಿಂದ ಮುದ್ದೆ ತೆಗೆದುಕೊಳ್ಳಲು ಹೋದಳು. ಬೆರಳು ಸೋಕಿದ್ದೇ ತಡ, “ಅಮ್ಮಾ!” ಎಂದು ಕೈ ಹಿಂದಕ್ಕೆಳೆದುಕೊಂಡಳು.

ಆಗ ಅವಳಿಗೆ ಕಂಡಿತು. ಮಾವನ ಎಡಗೈ ಒದ್ದೆಯಾಗಿತ್ತು. ಮುದ್ದೆ ಮುಟ್ಟಿದಾಗೆಲ್ಲ ಅದು ಓಡಿ ಹೋಗಿ ಹಲಗೆಯ ಪಕ್ಕದ ನೀರಿನ ಬೋಗುಣಿಯಲ್ಲಿ ಅದ್ದಿಕೊಂಡು ಬರುತ್ತಿತ್ತು. ಅದರ ಬೆರಳ ತುದಿ ಕೆಂಪಾಗಿತ್ತು. ಬಲಗೈ ಒಂದು ಸಲವೂ ನೀರಿನ ಹತ್ತಿರ ಹೋಗಿರಲಿಲ್ಲ.

“ಕೈ ತೋರ್ಸಿ ಮಾವ.”

ಅವನು ಮುದ್ದೆಯನ್ನು ಇನ್ನೂ ಬಿಗಿಯಾಗಿ ಹಿಡಿದ. ಅವಳು ತಟ್ಟೆಯ ಅಂಚಿನಿಂದ ಅದನ್ನು ಕೆಳಗೆ ಕೆಡವಿದಳು. ಅಂಗೈ ಕೆಂಡದ ಬಣ್ಣಕ್ಕೆ ಬಂದಿತ್ತು, ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದು ಹಿಟ್ಟಿಗೆ ಅಂಟಿತ್ತು. ಮುನಿತಾಯಮ್ಮ ಪೇಸ್ಟು ತರಲು ಓಡಿದಳು, ಮಾರಕ್ಕ ಮಸಿ ಹಚ್ಚಿ ಎಂದಳು. ಬಿಂದುಶ್ರೀ ಯಾರ ಮಾತಿಗೂ ಕಿವಿಗೊಡದೆ ಅವನನ್ನು ನಲ್ಲಿಯ ಕೆಳಗೆ ಕೂರಿಸಿ ನೀರು ಬಿಟ್ಟಳು. ಅಪ್ಪಯ್ಯಣ್ಣನ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಅವಳಿಗೆ ಹೆದರಿಕೆಯಾಗಿದ್ದು ಅದಕ್ಕೇ.

ತ್ಯಾಮಗೊಂಡ್ಲಿನ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಪಟ್ಟಿ ಸುತ್ತಿ, ಎರಡು ವಾರ ಕೈಯನ್ನು ಕದಲಿಸುವ ಹಾಗಿಲ್ಲ ಎಂದರು.

ಶುಕ್ರವಾರ ಹರ್ಷಿತ ಬಂದು ಪಟ್ಟಿ ನೋಡಿದಳು, ವಿಡಿಯೋ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬಿಂದುಶ್ರೀಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಪ್ಪಯ್ಯಣ್ಣನ ಕಣ್ಣು ಮುಚ್ಚಿಸಿ, ಪಟ್ಟಿಯ ಹೊರಗಿದ್ದ ಬೆರಳುಗಳ ಹತ್ತಿರ ಹತ್ತಿ ಹಿಡಿದಳು. ಮುಟ್ಟಿಸಲಿಲ್ಲ.

“ಈಗ ಗೊತ್ತಾಗ್ತಿದ್ಯಾ ಅಂಕಲ್?”

“ಹೂಂ.”

 ಅಪ್ಪಯ್ಯಣ್ಣ ಕಣ್ಣು ತೆರೆದು, ಗಾಳಿಯಲ್ಲೇ ನಿಂತಿದ್ದ ಹತ್ತಿಯನ್ನು ನೋಡಿದ. ತಲೆ ತಗ್ಗಿಸಿದ.

“ಯಾವತ್ತಿಂದ ಅಂಕಲ್?”

“ಮೊ… ಮೊದ್ಲಿಂದ.”

“ಯಾಕೆ ಮಾವ ಹೇಳ್ಲಿಲ್ಲ?” ಬಿಂದುಶ್ರೀಯ ದನಿ ಅವಳಿಗೇ ಬೇರೆಯವರದ್ದು ಅನ್ನಿಸಿತು.

ಅವನು ಪದ ಹುಡುಕಿದ. ಸಿಕ್ಕಿದ್ದು ಜಾರಿತು. ಮತ್ತೆ ಹುಡುಕಿದ. “ನೀನು… ಓಡ್ತಿದ್ದೆ. ನಾ… ನಾನೆಂಗೆ… ನಿಲ್ಸಲಿ.”

ಅವಳು ಎದ್ದು ಕೊಟ್ಟಿಗೆಗೆ ಹೋಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೊಂದು ಸಲ ಗುಡಿಸಿದಳು. ಹಸು ಕಾಲು ಬದಲಿಸಿ ಜಾಗ ಬಿಟ್ಟುಕೊಟ್ಟಿತು.

ಬಿಸಿ ತಿಳಿಯುವುದು ನಿಧಾನ, ಕೆಲವರಿಗೆ ಬರುತ್ತದೆ, ಕೆಲವರಿಗೆ ಪೂರಾ ಬರುವುದಿಲ್ಲ, ಆದರೆ ಗಾಯ ಮಾಗಿದ ಮೇಲೆ ಅಭ್ಯಾಸ ಬಿಡಬಾರದು ಎಂದು ಹೇಳಿ ಹರ್ಷಿತ ಹೋದಳು. ಉಳಿದದ್ದು ಬೈರಣ್ಣನ ಪ್ರಶ್ನೆ. ಅವನು ದಿನಕ್ಕೆರಡು ಸಲ ಫೋನು ಮಾಡಿ, “ಬೀಗ್ರೆಲ್ಲ ಇಡಿಯೋ ನೋಡಿ ಮೂಗ್ ಮೇಲೆ ಬೆರಳಿಟ್ಕೊಂಡವ್ರೆ. ಆ ಕೈ ನೋಡೋಕೇ ಬತ್ತೀವಿ ಅಂತಾವ್ರೆ” ಎಂದು ಕೆಮ್ಮುತ್ತಿದ್ದ. ಖುಷಿಯ ಕೆಮ್ಮು. ಸುಟ್ಟ ವಿಷಯ ಬಾಯಿ ಬಿಡಬೇಡ ಎಂದು ಮುನಿತಾಯಮ್ಮ ಮಾರಕ್ಕನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು. ಮಾರಕ್ಕನ ಆಣೆ ಎಷ್ಟು ದಿನ ಬಾಳಿಕೆ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಬೀಗರೂಟಕ್ಕೆ ಎಂಟು ದಿನ ಇದ್ದಾಗ ಮನೆಯಲ್ಲಿ ಸಭೆ ಸೇರಿತು.

“ಜ್ವರ ಅಂತ ಹೇಳ್ಬಿಡೋಣ,” ಎಂದ ಮಂಜೇಶ್.

“ಜ್ವರ ಎಂಟು ದಿನ ಇರ್ತದಾ? ಹಸು ಈಯೋ ದಿನ ಅಂತ ಹೇಳು.”

“ಅಮ್ಮಾ, ಆ ಹಸು ಗಬ್ಬ ಇಲ್ಲ ಅಂತ ಬೈರಣ್ಣಂಗೆ ನಿನಗಿಂತ ಚೆನ್ನಾಗಿ ಗೊತ್ತು.”

“ನಾನೇ ಹೋಗಿ ಹೇಳ್ತೀನಿ,” ಎಂದಳು ಬಿಂದುಶ್ರೀ. “ಆತುರ ಬಿದ್ದು ಬಿಸಿ ಮುದ್ದೆ ಇಟ್ಟೋಳು ನಾನು. ಮಾವಂದೇನೂ ತಪ್ಪಿಲ್ಲ, ಕೈ ಸುಟ್ಟಿದ್ದು ನನ್ನಿಂದ ಅಂತೀನಿ. ಅಷ್ಟೇ ತಾನೆ?”

ಅವಳು ಹೇಳಿದ್ದೆಲ್ಲ ನಿಜವೇ, ಕೈಗೆ ಬಿಸಿ ತಿಳಿಯದೆಂಬ ಮಾತೊಂದು ಮಾತ್ರ ಅದರಲ್ಲಿರಲಿಲ್ಲ. ಅಪ್ಪಯ್ಯಣ್ಣ ಎದ್ದು ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಬಿಳಿ ಅಂಗಿ ತೊಟ್ಟು ಹೊರಗೆ ಬಂದ. ಎಡಗೈಯೊಂದರಿಂದಲೇ ಹಾಕಿಕೊಂಡ ಗುಂಡಿಗಳು ತಮ್ಮ ತೂತು ತಪ್ಪಿ, ಒಂದು ಮನೆ ಮೇಲೆ ಕೆಳಗಾಗಿದ್ದವು.

“ಎಲ್ಲಿಗೆ ಹೊರಟ್ರಿ?” ಎಂದಳು ಮುನಿತಾಯಮ್ಮ.

“ಬೈರನ್… ಮನೆ.”

ಬೈರಣ್ಣನ ಮನೆ ಎರಡು ಬೀದಿ ಆಚೆ. ಬಿಂದುಶ್ರೀ ಒಬ್ಬಳೇ ಹೋಗಿದ್ದರೆ ಐದು ನಿಮಿಷ. ಊರುಗೋಲು, ಎಡಗಾಲು, ಆಮೇಲೆ ನೆಲದ ಮೇಲೆ ಎಳೆದುಕೊಂಡು ಬರುವ ಬಲಗಾಲು. ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುವಳು, ತಿರುಗಿ ಬರುವಳು, ಮತ್ತೆ ಹೋಗುವಳು. ಬೀದಿಯ ಜನ ಇವರಿಬ್ಬರನ್ನೂ ನೋಡಿದರು. ಅಷ್ಟರಲ್ಲಿ ಅವಳು ಮೂರು ಸಲ ಬೈರಣ್ಣನ ಮನೆ ಮುಟ್ಟಿ ಬಂದಷ್ಟು ನಡೆದಿರಬೇಕು.

ಚಪ್ಪರದ ಗಳುಗಳು ಬಂದಿದ್ದವು. ಬೈರಣ್ಣ ಅಂಗಳದಲ್ಲಿ ಬಡಗಿಯ ಜೊತೆ ಬಗ್ಗಿ ನಿಂತು ಒಂದು ಹೊಸ ಹಲಗೆ ನಯವಾಗಲೆಂದು ತೋಪಡ ಹೊಡೆಸುತ್ತಿದ್ದ.

“ಬಾರ್ಲಾ ಬಾ! ನಿಂಗೇ ಅಂತ ಹಲ್ಗೆ ಮಾಡಿಸ್ತಿವ್ನಿ, ಹಲಸಿಂದು. ನಡ್ಕೊಂಡೇ ಬಂದ್ಯಾ? ಅಬ್ಬಬ್ಬಾ, ಕುಂತ್ಕೋ… ಇದೇನ್ಲಾ ಕೈಗೆ ಪಟ್ಟಿ?”

“ಬೈರಣ್ಣ, ಅದು ನಾನು…” ಎಂದು ಬಿಂದುಶ್ರೀ ಶುರು ಮಾಡಿದಳು. ಅಪ್ಪಯ್ಯಣ್ಣ ಅವಳ ಕಡೆ ಊರುಗೋಲು ಎತ್ತಿದ. ಅವಳು ಬಾಯಿ ಮುಚ್ಚಿದಳು.

“ಬೈರ. ನನ್… ಕೈಗೆ… ಬಿಸಿ…” ನಿಂತಿತು. ಬಡಗಿಯೂ ತೋಪಡ ನಿಲ್ಲಿಸಿದ. ಮುಂದಿನ ಪದ ಬಿಂದುಶ್ರೀಯ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಅವಳು ಕೆಳತುಟಿ ಕಚ್ಚಿ ಚಪ್ಪಲಿಯ ಉಂಗುಟ ನೋಡಿದಳು. “ಬಿಸಿ… ಗೊತ್ತಾ… ಗೊತ್ತಾಗಲ್ಲ.”

ಬೈರಣ್ಣ ಹೋ ಎಂದು ನಕ್ಕ. “ಅದೇನ್ಲಾ ಹೊಸ ಸಮಾಚಾರ? ನಲವತ್ತು ವರ್ಸದಿಂದ ಊರೆಲ್ಲ ಅದ್ನೇ ಹೇಳ್ತದೆ!”

“ಇಲ್ಲ.” ಅಪ್ಪಯ್ಯಣ್ಣ ತಲೆ ಅಲ್ಲಾಡಿಸಿದ. ಅವನ ಕತ್ತಿನ ನರ ಉಬ್ಬಿತು. “ಆಗ… ಸುಡ್ತಿತ್ತು.”

“ಏನು?”

“ಆಗ… ಪ್ರತಿ… ಪ್ರತಿ ಮುದ್ದೆ… ಸುಡ್ತಿತ್ತು. ಹೇಳ್… ಹೇಳ್ತಿರ್ಲಿಲ್ಲ. ಈಗ… ಸುಡಲ್ಲ.”

ಬೈರಣ್ಣನ ನಗು ಬಾಯಲ್ಲೇ ಉಳಿಯಿತು, ಒಳಗಿನದು ಹೋಯಿತು. ಹಲಗೆಯ ಮೇಲೆ ಕೂತ. ಗೆಳೆಯನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಮೊದಲ ಸಲ ನೋಡುವವನ ಹಾಗೆ ಅಂಗೈಯನ್ನು ತಿರುವಿ ನೋಡಿದ. ನಲವತ್ತು ವರ್ಷ ಎದುರೆದುರು ಕೂತು ಕೆಲಸ ಮಾಡಿದ ಕೈ.

“ಕಳ್ ನನ್ಮಗ್ನೆ,” ಎಂದ ಕೊನೆಗೆ. “ಒಂದಿನ ‘ಉಸ್’ ಅಂದಿದ್ರೆ ಏನ್ ಹೋಗ್ತಿತ್ಲಾ ನಿನ್ ಗಂಟು? ನಾನು ಕೋಲು ನಿಧಾನಕ್ಕೆ ತಿರುವ್ತಿದ್ನಲ್ಲೋ.” ಕೆಮ್ಮಿದ. ಈ ಕೆಮ್ಮು ಬಿಂದುಶ್ರೀ ಕೇಳಿದ ಯಾವ ಕೆಮ್ಮಿನ ಹಾಗೂ ಇರಲಿಲ್ಲ. “ಬೀಗ್ರಿಗೆ ಏನಂತ ಹೇಳ್ಲಿ ಈಗ?”

“ಬೇರೇವ್ರು… ಕಟ್ತಾರೆ.”

“ಕಟ್ತಾರೆ, ಬಿಡು. ದಾಬಸ್‌ಪೇಟೆಯಿಂದ ಅಡ್ಗೆಯೋರ್ನ ಕರೆಸ್ತೀನಿ, ಗಂಟಿದ್ರೆ ಇರ್ಲಿ. ಮತ್ತೆ ನೀನು?”

ಅಪ್ಪಯ್ಯಣ್ಣ ಉತ್ತರ ಹುಡುಕಿದ. ಈ ಸಲ ಪದ ಬೇಗ ಸಿಕ್ಕಿತು.

“ಊಟಕ್ಕೆ. ಮೊದಲ್ನೇ… ಪಂಕ್ತಿ.”

ಮುದ್ದೆ ಕಟ್ಟುವವರು ಕಡೇ ಪಂಕ್ತಿಯ ಜನ. ಎಲ್ಲರ ಎಲೆ ಎದ್ದ ಮೇಲೆ, ಸಾರು ತಳ ಕಂಡ ಮೇಲೆ, ಒಲೆಯ ಪಕ್ಕ ನಿಂತು ಉಣ್ಣುವವರು. ತನ್ನ ಮದುವೆಯ ಊಟವೊಂದನ್ನು ಬಿಟ್ಟರೆ ಅಪ್ಪಯ್ಯಣ್ಣ ಯಾವ ಬೀಗರೂಟದಲ್ಲೂ ಮೊದಲ ಪಂಕ್ತಿಯಲ್ಲಿ ಕೂತವನಲ್ಲ.

“ಎಡಗೈಲಿ ಉಣ್ಬೇಕಾಗ್ತದೆ ಮಾವ, ಎಲ್ರೆದುರಿಗೆ,” ಎಂದಳು ಬಿಂದುಶ್ರೀ. ಬಾಯಿ ತಡೆಯಲಾಗಲಿಲ್ಲ.

“ಉಣ್ತೀನಿ.”

“ಬೀಗರ ಪಕ್ಕದಲ್ಲೇ ಕೂರಿಸ್ತೀನಿ ಇವನ್ನ,” ಎಂದು ಬೈರಣ್ಣ ಎದ್ದು ನಿಂತ. “ಯಾರಾರ ನಕ್ಕರೆ ಅವ್ರ ಎಲೆಗೆ ಮೂಳೆ ಮಾತ್ರ ಬಡಿಸೋದು. ಲೇ, ಗುಂಡಿ ನೋಡ್ಲಾ, ಮದ್ವೆ ಗಂಡಿನ ತರ ಬಂದವ್ನೆ, ಒಂದು ಮನೆ ಮೇಲೆ ಕೆಳ್ಗೆ!”

ಅವನು ಗುಂಡಿ ಸರಿ ಮಾಡಲು ಕೈ ಚಾಚಿದ. ಅಪ್ಪಯ್ಯಣ್ಣ ಅವನ ಕೈ ಸರಿಸಿ, ತಾನೇ ಮೇಲಿನ ಗುಂಡಿಗೆ ಎಡಗೈ ಹಾಕಿದ. ಮೊದಲನೆಯದು ಬಿಚ್ಚಿತು. ಎರಡನೆಯದು ಬಿಚ್ಚಲಿಲ್ಲ. ಬಡಗಿ ನೋಡುತ್ತಾ ನಿಂತ, ಭಾನುಪ್ರಿಯಾ ಒಳಗಿನಿಂದ ಕಾಫಿ ತಂದು ಹೊಸ್ತಿಲಲ್ಲೇ ನಿಂತಳು. ಬಿಂದುಶ್ರೀಯ ಬೆರಳುಗಳು ತುರಿಸಿದವು. ಅವಳು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು.